ನಮ್ಮೂರ ಗಾಳಿ ತೊಂಬತ್ತೊಂದು

ಯುಗಾದಿ ಕಳೆದ ಹೊಸತರಲ್ಲಿ ಇದೇ ಜಾಗದಲ್ಲಿ ಒಬ್ಬ ಮೆಕ್ಯಾನಿಕ್ ಬಗ್ಗೆ ಬರೆದಿದ್ದೆ. ನೆನಪಿದೆಯೇ? 'ನಮ್ಮೂರಲ್ಲಿ ಗಾಳಿ ಕಮ್ಮಿ' ಎಂದ ಮೇಸ್ತ್ರಿಯ ಕಥೆ. ನೀವೆಲ್ಲ ನಕ್ಕಿದ್ದಿರಿ. ಅರಕಲಗೂಡಿನ ಓದುಗರೊಬ್ಬರು ಫೋನ್ ಮಾಡಿ, ಓದುತ್ತಾ ಓದುತ್ತಾ ಕಾಫಿ ನೆತ್ತಿಗೆ ಹತ್ತಿತು ಅಂದಿದ್ದರು. ಅಷ್ಟು ಮೆಚ್ಚುಗೆ ಈ ಅಂಕಣಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಮೇಸ್ತ್ರಿ ಹೇಳಿದ್ದು ನಿಜ. ನಮ್ಮೂರಲ್ಲಿ ಗಾಳಿ ಕಮ್ಮಿಯೇ.

ನಗಬೇಡಿ. ಈ ಸಲ ಕೊನೆಯವರೆಗೆ ಓದಿ.

ಮರೆತವರಿಗಾಗಿ ಮೊದಲಿನಿಂದ ಹೇಳುತ್ತೇನೆ. ನನ್ನದು ಹನ್ನೊಂದು ವರ್ಷದ ಡೀಸೆಲ್ ಕಾರು. ಟರ್ಬೊ ಎಂಜಿನ್. ಟರ್ಬೊ ಅಂದರೆ ಕುಲುಮೆಗೆ ತಿದಿ ಇದ್ದ ಹಾಗೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು ಅದರ ಕೆಲಸ. ಎಷ್ಟು ಒತ್ತಡ ಬಂತು ಎಂದು ನೋಡಿ ಹೇಳುವುದಕ್ಕೆ ಹೆಬ್ಬೆರಳು ಗಾತ್ರದ ಒಂದು ಸೆನ್ಸರ್ ಇರುತ್ತದೆ. ಬೇಸಿಗೆಯ ಆರಂಭದಲ್ಲಿ ಕಾರು ಏರು ಕಂಡರೆ ಏದುಸಿರು ಬಿಡತೊಡಗಿತು. ಹಿಂದೆ ಕರಿ ಹೊಗೆ. ಮುಂದೆ ಎಂಜಿನ್ನಿನ ಹಳದಿ ದೀಪ. ಓಡುವಾಗ ಇನ್ನೂರು ಕಿಲೋಪ್ಯಾಸ್ಕಲ್ ದಾಟಬೇಕಾದ ಒತ್ತಡ ನೂರಮೂವತ್ತಕ್ಕೇ ನಿಂತುಬಿಡುತ್ತಿತ್ತು.

ಹೊಳೆನರಸೀಪುರದಲ್ಲಿ ಊರಿನ ಆಚೆ ತುದಿಗೆ ಮೇಸ್ತ್ರಿಯ ಶೆಡ್ಡು. ಅವರು ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದರು. ಎಂಜಿನ್ ನಿಂತಿದ್ದಾಗ ಸೆನ್ಸರ್ ಸುತ್ತಲಿನ ಬರೀ ಗಾಳಿಯ ಒತ್ತಡವನ್ನು ತೋರಿಸಬೇಕು. ತೋರಿಸಿದ್ದು ತೊಂಬತ್ತೊಂದು.

ಅದು ನೂರೊಂದು ಇರಬೇಕೆಂದು ನಾನು ಓದಿಕೊಂಡು ಹೋಗಿದ್ದೆ. (ಓದಿಕೊಂಡು ಅಂದರೆ, ಬೆಳಿಗ್ಗೆ ಫೋನಿನಲ್ಲಿ ಯಾರದೋ ವಿಡಿಯೋ ನೋಡಿದ್ದೆ.)

"ಸೆನ್ಸರ್ ಹೋಗಿದೆ ಮೇಸ್ತ್ರಿ. ನೂರೊಂದು ಬರಬೇಕು," ಅಂದೆ.

"ಸೆನ್ಸರ್ ಚೆನ್ನಾಗೈತೆ ಸಾ. ನಮ್ಮೂರಲ್ಲಿ ಗಾಳಿ ಕಮ್ಮಿ, ಇಷ್ಟೇಯ ಬರಾದು. ಎಲ್ಲೋ ಪೈಪು ಬಾಯಿ ಬುಟ್ಟೈತೆ. ಅರ್ಧ ದಿವ್ಸ ಗಾಡಿ ಬುಟ್ಟೋಗಿ, ಒಂದೊಂದೇ ಬಿಚ್ಚಿ ನೋಡ್ತೀನಿ."

"ನಮ್ಮೂರ ಗಾಳೀನ ಯಾರು ಕದ್ಕೊಂಡು ಹೋದ್ರು ಮೇಸ್ತ್ರಿ?"

ಶೆಡ್ಡಿನಲ್ಲಿ ಇದ್ದವರೆಲ್ಲ ನಕ್ಕರು. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಕೀ ಈಸಿಕೊಂಡು ಹೊರಟಿದ್ದೆ. ಆ ವಾರದ ಅಂಕಣ ಸಿಕ್ಕಿತ್ತಲ್ಲ, ಇನ್ನೇನು ಬೇಕು?

ಹೆಸರು ಬರೆಯಲಿಲ್ಲ. ಅಷ್ಟು ಮರ್ಯಾದೆ ಗೊತ್ತಿತ್ತು. ಆದರೆ ಬಣ್ಣ ಕಟ್ಟಬೇಕಲ್ಲ? ಎಡಗೈಯಲ್ಲಿ ಎರಡು ಬೆರಳಿಲ್ಲದ ಮನುಷ್ಯ, ಎಣಿಕೆಯಲ್ಲಿ ಹತ್ತು ಕಮ್ಮಿ ಬಂದರೆ ಆಶ್ಚರ್ಯವೇನು ಎಂದು ಬರೆದೆ. ನೀವು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆ ಸಾಲನ್ನೇ.

ಕಾರು ಹಾಸನದ ಒಂದು ದೊಡ್ಡ ಗ್ಯಾರೇಜಿಗೆ ಹೋಯಿತು. ಎಸಿ ರೂಮು, ಗಾಜಿನ ಆಚೆ ನಮ್ಮ ಕಾರು, ಈಚೆ ನಾನು. ನಾನು ನೂರೊಂದು ಅಂದೆ. ಟೈ ಕಟ್ಟಿದ್ದವರು "ಕರೆಕ್ಟ್ ಸರ್" ಅಂದರು. ಹೊಸ ಸೆನ್ಸರ್ ಹಾಕಿದರು. ತೊಂಬತ್ತು ತೋರಿಸಿತು. "ಪೀಸ್ ಸರಿ ಇಲ್ಲ ಸರ್," ಎಂದು ಇನ್ನೊಂದು ಹಾಕಿದರು. ಅದೂ ತೊಂಬತ್ತು. ಮೂವರು ಸಾಕ್ಷಿಗಳು ಸೇರಿ ಒಂದೇ ಸುಳ್ಳು ಹೇಳುವುದುಂಟೇ? ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ಹೊಳೆಯದಂತೆ ನೀವು ಹೊಗಳುತ್ತಿದ್ದಿರಿ.

ಹೋದ ತಿಂಗಳು ಬಂಧುಗಳ ಮದುವೆಗೆ ಮಂಗಳೂರಿಗೆ ಹೋದೆ, ಅದೇ ಏದುಸಿರಿನ ಕಾರಿನಲ್ಲಿ. ಅಷ್ಟರಲ್ಲಿ ನಾನೂ ಒಂದು ಪುಟ್ಟ ರೀಡರ್ ತರಿಸಿಕೊಂಡಿದ್ದೆ. ಕಾರಿಗೆ ಸಿಕ್ಕಿಸಿದರೆ ಅಂಕಿ ಫೋನಿನಲ್ಲಿ ಬರುತ್ತದೆ. ಊಟ ಮುಗಿಸಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಛತ್ರದ ಹೊರಗೆ ಕೀ ತಿರುಗಿಸಿದೆ. ಸ್ಟಾರ್ಟ್ ಮಾಡಲಿಲ್ಲ.

ನೂರೊಂದು.

ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದು ನಿಂತಿತು. ವಾಪಸು ಬರುವಾಗ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಉಪ್ಪಿನಂಗಡಿಯಲ್ಲಿ ನೂರು. ಶಿರಾಡಿ ಘಾಟಿ ಹತ್ತುತ್ತಾ ಹತ್ತುತ್ತಾ ಇಳಿಯಿತು. ಸಕಲೇಶಪುರದಲ್ಲಿ ತೊಂಬತ್ತೊಂದು. ಹಾಸನದಲ್ಲಿ ತೊಂಬತ್ತು. ಹೊಳೆನರಸೀಪುರದ ನಮ್ಮ ಮನೆ ಬಾಗಿಲಲ್ಲಿ, ಯುಗಾದಿಯಲ್ಲಿ ಇದ್ದಷ್ಟೇ. ತೊಂಬತ್ತೊಂದು.

ಸಮುದ್ರದಿಂದ ಮೇಲಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಇದು ಹೈಸ್ಕೂಲಿನ ಪಾಠ. ಸೈನ್ಸ್ ಮೇಷ್ಟ್ರಾಗಿ ಮೂವತ್ತು ವರ್ಷ ನಾನೇ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದು.

ಕೊರವಂಗಲದ ನಮ್ಮಜ್ಜಿ ಕಾಳು ಕೊಳ್ಳುವಾಗ ಮೊದಲು ಬೆಲೆ ಕೇಳುತ್ತಿರಲಿಲ್ಲ. "ಯಾವೂರ ಸೇರಪ್ಪಾ ಇದು?" ಎಂದು ಕೇಳುತ್ತಿದ್ದಳು. ಒಂದೊಂದು ಸಂತೆಗೆ ಒಂದೊಂದು ಸೇರು ಇದ್ದ ಕಾಲ ಅದು. ಬೇರೆ ಊರಿನ ಸೇರಿನಲ್ಲಿ ಅಳೆದು ಕಮ್ಮಿ ಬಂತೆಂದು ಬೈದರೆ ಮಾರುವವನ ಮೇಲೆ ಪಾಪ ಹೊರಿಸಿದ ಹಾಗೆ ಅನ್ನುತ್ತಿದ್ದಳು. ಅಂಥವಳ ಮಡಿಲಲ್ಲಿ ಮಾತು ಕಲಿತವನು ನಾನು. ಸಮುದ್ರದ ಸೇರು ತಂದು ನಮ್ಮೂರ ಗಾಳಿ ಅಳೆದುಬಿಟ್ಟೆ.

ಮಾರನೆಯ ದಿನವೇ ಶೆಡ್ಡಿಗೆ ಹೋದೆ. ಬೋರ್ಡಿರಲಿಲ್ಲ. ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಕೋಳಿ ಪಂಜರಗಳಿದ್ದವು. ಎಣ್ಣೆ ಕುಡಿದು ಕಪ್ಪಾಗಿದ್ದ ನೆಲ ಮಾತ್ರ ಹಾಗೇ ಇತ್ತು.

ಅವರ ಮನೆ ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ. ಮೇಸ್ತ್ರಿಯ ಹೆಂಡತಿ ಒಳಗೆ ಕರೆದು, ಚಾಪೆ ಹಾಕಿ, ನೀರು ಕೊಟ್ಟರು. (ಬೈದಿದ್ದರೆ ಚೆನ್ನಾಗಿತ್ತು.)

"ಬೋರ್ಡ್ ಇಳ್ಸಿದ್ದು ಶ್ರಾವಣದಾಗೆ ಸಾ," ಅಂದರು. "ಸ್ಕೂಲ್ ವ್ಯಾನುಗಳು ಬರಾದು ನಿಂತೋದ್ವು. ಅವೇ ಅಲ್ವಾ ಅನ್ನ ಹಾಕ್ತಿದ್ದಿದ್ದು. ಬೀದಿಗೆ ಇಳುದ್ರೆ ಸಾಕು, ಇವತ್ತು ಗಾಳಿ ಎಷ್ಟೈತೆ ಅಂತ ಕೇಳೋರು. ಎಡಗೈನ ಜೇಬಿಂದ ಆಚೆ ತಗೀತಾನೇ ಇರ್ಲಿಲ್ಲ ನಮ್ಮನೆಯವ್ರು."

"ನಾನು ಹೆಸರು ಹಾಕಿರಲಿಲ್ಲಮ್ಮ," ಅಂದೆ. ಆ ಮಾತು ಯಾಕೆ ಆಡಿದೆನೋ.

"ಊಂ ಸಾ. ಈ ಊರ್ನಾಗೆ ಎರಡ್ ಬೆರಳಿಲ್ದ ಮೇಸ್ತ್ರಿ ಎಷ್ಟ್ ಜನ ಅವ್ರೆ?"

ಅಲ್ಲಿಂದ ನೇರ ವ್ಯಾನುಗಳ ಮಾಲೀಕರ ಹತ್ತಿರ ಹೋದೆ. ನನ್ನ ಹಳೆಯ ವಿದ್ಯಾರ್ಥಿಯೇ. ಮಂಗಳೂರು, ಸಮುದ್ರ, ಒತ್ತಡ ಎಲ್ಲ ವಿವರಿಸಿದೆ. ಶಾಲೆಯಲ್ಲಿ ಕೇಳುತ್ತಿದ್ದಷ್ಟೇ ವಿಧೇಯತೆಯಿಂದ ಕೇಳಿದರು.

"ನೀವು ಯೋಳಾದು ನಿಜ ಇರ್ಬೌದು ಸಾ. ಆದ್ರೆ ಮಕ್ಳ ಗಾಡಿ. ಪೇರೆಂಟ್ಸ್ ಆ ಪೇಪರ್ ತಂದು ತೋರ್ಸಿದ್ರು. ಸೈನ್ಸ್ ಮೇಷ್ಟ್ರೇ ಬರ್ದವ್ರಲ್ಲಪ್ಪ ಅಂದ್ರು. ನಾನೇನ್ ಯೋಳ್ಲಿ? ಈಗ ಬೇರೆಯೋರಿಗೆ ಕೊಟ್ಟಾಯ್ತಲ್ಲ."

ಹೆಂಡತಿ ಹೇಳಿದ ಗುರುತು ಹಿಡಿದು ಹೋದಾಗ ಮೇಸ್ತ್ರಿ ಸಿಕ್ಕಿದ್ದು ಚನ್ನರಾಯಪಟ್ಟಣದಲ್ಲಿ. ಹೈವೇ ಪಕ್ಕದ ಒಂದು ಹೋಟೆಲ್ಲಿನ ಪಾರ್ಕಿಂಗಿನಲ್ಲಿ. ನೀಲಿ ಯೂನಿಫಾರ್ಮು, ಭುಜಕ್ಕೆ ದಾರ, ಬಾಯಲ್ಲಿ ಸೀಟಿ. ಹಿಂದೆ ಬನ್ನಿ, ಹಿಂದೆ ಬನ್ನಿ ಎಂದು ಬೆಂಗಳೂರಿನ ಕಾರುಗಳಿಗೆ ಬಲಗೈ ಬೀಸುತ್ತಿದ್ದರು. ಎಡಗೈ ಜೇಬಿನಲ್ಲಿತ್ತು. ನನ್ನ ಕಾರು ಗೇಟಿನೊಳಗೆ ಬರುತ್ತಿದ್ದಂತೆ ಕತ್ತು ಈ ಕಡೆ ತಿರುಗಿತು. ಮುಖ ನೋಡಿ ಅಲ್ಲ, ಸದ್ದು ಕೇಳಿ.

ಇಳಿದು ಕೈ ಮುಗಿದೆ. ಅವರು ಮೊದಲು ಆಡಿದ ಮಾತು ಇದು:

"ಇನ್ನೂ ಪೈಪು ನೋಡ್ಸಿಲ್ವಾ ಸಾ?"

ಉತ್ತರಕ್ಕೆ ಕಾಯಲಿಲ್ಲ. ಬಾನೆಟ್ ಎತ್ತಿಸಿ, ಆಕ್ಸಿಲರೇಟರ್ ಒತ್ತಿ ಹಿಡಿಯಲು ಹೇಳಿದರು. ಸೀಟಿನಲ್ಲಿ ಕೂತೇ ನೋಡಿದೆ. ಎಡಗೈ ಜೇಬಿನಿಂದ ಹೊರಬಂತು. ಎರಡು ಬೆರಳಿಲ್ಲದ ಆ ಕೈ ಟರ್ಬೊದಿಂದ ಬರುವ ದಪ್ಪ ರಬ್ಬರ್ ಪೈಪಿನ ಕೆಳಗೆ, ಬೇರೆಯವರ ಕೈ ಹೋಗದ ಸಂದಿಯಲ್ಲಿ, ಸಲೀಸಾಗಿ ಹೋಯಿತು. ಅರ್ಧ ದಿನ ಬೇಕೆಂದಿದ್ದವರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಏಳು ತಿಂಗಳಲ್ಲಿ ಸೀಳು ಅಷ್ಟು ದೊಡ್ಡದಾಗಿತ್ತು.

"ಇಲ್ಲಿ. ಕ್ಲಿಪ್ಪಿನ ಕೆಳಾಗಡೆ. ಎಂಜಿನ್ ಸುಮ್ಕಿದ್ರೆ ಮುಚ್ಕತದೆ, ಗಾಳಿ ಒತ್ತಿದ್ರೆ ಬಾಯಿ ಬುಡ್ತದೆ." ಬೆರಳ ತುದಿಯಲ್ಲಿ ಕಪ್ಪು ಎಣ್ಣೆ. "ಸೆನ್ಸರ್ ಪಾಪ, ಇದ್ದಿದ್ ಇದ್ದಂಗೆ ಯೋಳ್ತಿತ್ತು. ಗಾಳಿ ಬತ್ತಿಲ್ಲ, ಬತ್ತಿಲ್ಲ ಅಂತ."

ಅಷ್ಟರಲ್ಲಿ ಹೋಟೆಲ್ ಮೆಟ್ಟಿಲಿನಿಂದ ಯಾರೋ "ಏಯ್ ಸೆಕ್ಯುರಿಟಿ, ಏನ್ಲಾ ಅಲ್ಲಿ?" ಎಂದು ಕೂಗಿದರು. ಮೇಸ್ತ್ರಿ ಬೆರಳನ್ನು ಯೂನಿಫಾರ್ಮಿನ ಒಳಮಡಿಕೆಗೆ ಒರೆಸಿಕೊಂಡು, ಓಡಿಹೋಗಿ ಎರಡು ಕಾರು ನಿಲ್ಲಿಸಿ ಬಂದರು.

"ಅವತ್ತು ಏನೋ ಹೇಳೋಕೆ ಬಂದ್ರಿ, ಮೇಸ್ತ್ರಿ," ಅಂದೆ.

"ಏನಿಲ್ಲ ಸಾ. ಮಂಗ್ಳೂರ್ನಾಗೆ ಲಾರಿ ಶೆಡ್ಡಲ್ಲಿ ಒಂಬತ್ತೊರ್ಸ ಇದ್ದೆ. ಅಲ್ಲಿ ನೂರೊಂದು ಬರಾದು, ಘಾಟಿ ಅತ್ತುದ್ರೆ ಇಳಿಯಾದು. ಅದುನ್ನೇ ಯೋಳಾಣ ಅಂತಿದ್ದೆ. ನೀವೆಲ್ಲ ನಗ್ತಾ ಇದ್ರಲ್ಲ."

"ತಪ್ಪು ನಂದು. ಪೇಪರಿನಲ್ಲೇ ಬರೀತೀನಿ. ಮತ್ತೆ ಶೆಡ್ಡು ತೆಗೀರಿ."

"ಸಾಮಾನೆಲ್ಲ ಅರಕಲಗೂಡ್ನೋರ್ಗೆ ಕೊಟ್ಟಾಯ್ತು ಸಾ. ಸ್ಕ್ಯಾನರ್ರೂ ಓಯ್ತು." ಎಡಗೈ ಜೇಬಿಗೆ ಹೋಯಿತು. "ಬರೀರಿ, ಬ್ಯಾಡ ಅನ್ನಕಿಲ್ಲ. ಆದ್ರೆ ಓದೋರ್ಯಾರು? ಅದ್ರಾಗೆ ತಮಾಸೆ ಇರಾಕಿಲ್ವಲ್ಲ."

ಮತ್ತೆ ಸೀಟಿ ಊದುತ್ತಾ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಅಚ್ಚಾದ ಮಾತಿಗೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಪೈಪು ಬದಲಾಯಿಸಿದ್ದೇನೆ. ಒತ್ತಡ ಈಗ ಇನ್ನೂರು ದಾಟುತ್ತದೆ. ಏರು ಬಂದರೆ ಕಾರು ಹಕ್ಕಿಯ ಹಾಗೆ ಹಾರುತ್ತದೆ. ನನಗೆ ಅದರಲ್ಲಿ ಕೂರುವುದೇ ಬೇಡವಾಗಿದೆ.

ಆ ಮೇಸ್ತ್ರಿಯ ಹೆಸರು ಪುಟ್ಟಸ್ವಾಮಿ. ಹೋದ ಸಲ ಹೆಸರು ಹಾಕದಿದ್ದರೂ ಊರಿಗೆಲ್ಲ ಗೊತ್ತಾಯಿತು. ಈ ಸಲ ಹಾಕಿದ್ದೇನೆ, ಎಷ್ಟು ಜನಕ್ಕೆ ಗೊತ್ತಾಗುತ್ತದೆ?