ಆಷಾಢದ ಲೆಕ್ಕ

ಅಕ್ಕನ ಮಗನ ರಕ್ತಪರೀಕ್ಷೆಗೆ ಕಾರಣವಾದದ್ದು ಒಂದು ಆಷಾಢ. ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ.

ತೊಂಬತ್ತರ ದಶಕದ ಕೊನೆ. ಅಕ್ಕನನ್ನು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಗೆ ಕೊಟ್ಟಿದ್ದೆವು. ಮದುವೆಯಾದ ಮೊದಲ ಆಷಾಢಕ್ಕೆ ಎಲ್ಲ ಹೊಸ ಸೊಸೆಯರಂತೆ ಅವಳೂ ಕ್ಯಾತನಹಳ್ಳಿಯ ತವರಿಗೆ ಬಂದಳು. ಆ ತಿಂಗಳು ಗಂಡ ಹೆಂಡತಿ ಸೇರುವಂತಿಲ್ಲ. ಮಗು ಹುಟ್ಟಿದ್ದು ಯುಗಾದಿ ಕಳೆದ ಮೇಲೆ.

ನಾಮಕರಣದ ದಿನ ನಮ್ಮ ಮನೆಯಲ್ಲಿ ಅವಳ ಅತ್ತೆ ತೊಟ್ಟಿಲ ಪಕ್ಕ ಕೂತು ಬೆರಳು ಮಡಿಸತೊಡಗಿದರು. ಚೈತ್ರದಿಂದ ಹಿಂದೆ ಹಿಂದೆ ಹೋದ ಬೆರಳು ಆಷಾಢದಲ್ಲಿ ನಿಂತಿತು.

“ಆಸಾಡ್ದಲ್ಲಿ ನೀನು ಇಲ್ಲಿದ್ದೆ ಕಣವ್ವಾ. ನಮ್ಮುಡುಗ ಅಲ್ಲಿದ್ದ. ಇದೆಂಗೆ?”

ಅಕ್ಕ ಬಾಗಿಲಲ್ಲಿ ನಿಂತಿದ್ದ ಭಾವನನ್ನು ನೋಡಿದಳು. “ಪಾಂಡವಪುರದಲ್ಲಿ ನಿಮ್ಮ ಸ್ನೇಯಿತರ ಮನೆಗೆ ಕರೆಸ್ಕೊಂಡಿದ್ರಲ್ಲ, ಯೋಳಿ.”

ಆ ತಿಂಗಳು ಹೆಂಡತಿಯ ಮುಖ ನೋಡುವುದಿಲ್ಲವೆಂದು ಭಾವ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದರು. ಮುರಿದರೆ ತಾಯಿಗೇ ಕೇಡು.

“ಆಸಾಡ್ದಲ್ಲಿ ನಾನ್ಯಾಕೆ ಓಗ್ಲಿ?” ಎಂದುಬಿಟ್ಟರು.

ಎಲೆ ಹಾಕುವ ಮೊದಲೇ ಅವರ ಕಡೆಯವರು ಎದ್ದು ಹೋದರು.

ತಂದೆ ಯಾರೆಂದು ರಕ್ತದಿಂದ ತಿಳಿಯುವ ಹೊಸ ಪರೀಕ್ಷೆ ಬಂದಿದೆ ಎಂದವರು ಶ್ರೀರಂಗಪಟ್ಟಣದ ವಕೀಲರು. ಅಪ್ಪ ಒಪ್ಪಲಿಲ್ಲ. “ಮಾನಾನ ಸೂಜೀಲಿ ಚುಚ್ಚಿ ನೋಡಾರಾ? ಬ್ಯಾಡ ಬುಡವ್ವ.”

“ನಂಗೂ ಗೊತ್ತು, ನಿಂಗೂ ಗೊತ್ತು ಕಣಪ್ಪ. ನಾಳೆ ಇಸ್ಕೂಲಲ್ಲಿ ಯಾರ್ ಮಗನ್ಲಾ ನೀನು ಅಂದ್ರೆ, ಇವನೇನನ್ಬೇಕು?” ಎಂದಳು ಅಕ್ಕ.

ಅನುಮಾನವಿದ್ದವರು ಪರೀಕ್ಷೆ ಮಾಡಿಸುತ್ತಾರೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಪಟ್ಟು ಹಿಡಿದವಳು ಅನುಮಾನವೇ ಇಲ್ಲದ ಅಕ್ಕ.

ಮೈಸೂರಿನ ಆಸ್ಪತ್ರೆಯಲ್ಲಿ ಭಾವನ ತೋಳಿಗೆ ರಬ್ಬರು ಕಟ್ಟಿದರು. ಅವರ ತಾಯಿ ಹೊರಗೆ ಬೆಂಚಿನ ಮೇಲಿದ್ದರು. ಮಗುವನ್ನು ಎತ್ತಿಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಭಾವ ಅಕ್ಕನಿಗೆ ಪಿಸುಗುಟ್ಟಿದರು: “ಬ್ಯಾಡ ಕಣೆ. ಮಗ ನಂದೇ. ನಾನೇ ಕರೆಸ್ಕೊಂಡಿದ್ದು.”

“ಗಟ್ಟಿಯಾಗಿ ಯೋಳಿ. ಅತ್ತೆಗೆ ಕೇಳ್ಲಿ.”

ಭಾವ ಬಾಗಿಲ ಕಡೆ ನೋಡಿದರು. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

“ಚುಚ್ಚಿ ಸಾರ್,” ಎಂದಳು ಅಕ್ಕ.

ಮಗು ಭಾವನದೇ ಎಂದು ವರದಿ ಬಂತು. ಒಂದು ಸಂಜೆ ಅತ್ತೆ ವ್ಯಾನು ಮಾಡಿಕೊಂಡು ಬಂದರು. ಭಾವ ಇಳಿಯದೆ ಒಳಗೇ ಕೂತಿದ್ದರು.

“ತೆಪ್ಪಾಯ್ತು ಕಣವ್ವಾ. ನಡಿ, ಮನೆಗೋಗಾನ.”

ಅಕ್ಕ ತೊಟ್ಟಿಲು ತೂಗುವುದನ್ನು ನಿಲ್ಲಿಸಲಿಲ್ಲ. “ಆಸಾಡ ಕಳೀಲಿ ಅತ್ತೆ,” ಎಂದಳು.

ಆಗ ಕಾರ್ತಿಕ. ಅವರು ದಾಟಿ ಬಂದ ಹೊಸಿಲ ಎರಡೂ ಕಡೆ ದೀಪ ಉರಿಯುತ್ತಿತ್ತು.