ಸಾಯುವುದರಲ್ಲಿ ಪಳಗಿದ ಮಂಚಯ್ಯ

ಐತಿಹಾಸಿಕ ಕಾದಂಬರಿಗಳನ್ನು ಟೀವಿ ಧಾರಾವಾಹಿ ಮಾಡುವವರು ಗೊರೂರಿನಲ್ಲಿ ಬೀಡುಬಿಟ್ಟ ಮೇಲೆ ಸಾಲಗಾಮೆಯ ಕೂಲಿ ಮಂಚಯ್ಯ ಸೈನಿಕನಾದ. ಬೆಳಿಗ್ಗೆ ಪಾಳೆಗಾರನ ಕಡೆ ಸತ್ತರೆ, ಊಟ ಮುಗಿಸಿ ಪೇಟ ಬದಲಿಸಿ ರಾಜನ ಕಡೆಯೂ ಸಾಯುತ್ತಿದ್ದ. ಬಿದ್ದ ಮೇಲೂ ಕ್ಯಾಮೆರಾ ಇತ್ತ ತಿರುಗಿದರೆ ಇನ್ನೊಮ್ಮೆ ನರಳುತ್ತಿದ್ದ. "ರಾಜ ಯಾರ್ ಬೇಕಾದ್ರೂ ಆಯ್ತಾರೆ ಕಣ್ಲಾ, ಸಾಯಾಕೆ ಕಲೆ ಬೇಕು" ಎಂದು ಟೀ ಅಂಗಡಿಯಲ್ಲಿ ಉಪದೇಶಿಸುತ್ತಿದ್ದ. ಕಾದಂಬರಿಯಲ್ಲಿ ಒಂದೇ ಪುಟಕ್ಕೆ ಮುಗಿದ ಯುದ್ಧ ಟೀವಿಯಲ್ಲಿ ಆರು ವಾರ ನಡೆಯಿತು. ಆರೂ ವಾರ ಇವನು ವೀರಸ್ವರ್ಗ ಸೇರಿದ. ಕೊನೆಯ ಭಾನುವಾರ ಪಕ್ಕದ ಮನೆಯ ಟೀವಿಯಲ್ಲಿ ಅವನ ರಕ್ತ ಸುರಿಯುವ ಮುಖ ಮೊದಲ ಸಲ ದೊಡ್ಡದಾಗಿ ಕಂಡಿತು. ಮಂಚಯ್ಯ ಹಿಗ್ಗಿ ಹೀರೆಕಾಯಿಯಾದ. ಹೆಂಡತಿ ಮಲ್ಲಿಗಮ್ಮ ಮಾತ್ರ ಚೀರಿ, ಪಕ್ಕದಲ್ಲೇ ಕೂತಿದ್ದ ಗಂಡನ ಎದೆ ಮುಟ್ಟಿ ನೋಡಿದಳು. "ಇನ್ಮ್ಯಾಕೆ ಸಾಯಬ್ಯಾಡ" ಎಂದಳು. ಆ ರಾತ್ರಿಯೆಲ್ಲ ಅವನ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಮರುದಿನ ನಿರ್ದೇಶಕರಿಗೆ ಕೈಮುಗಿದು, "ನಾನಿನ್ನು ಸಾಯಾಕಿಲ್ಲ ಸಾ" ಎಂದ. "ಹಾಗಾದರೆ ಓಡಿಹೋಗುವ ಹೇಡಿಯ ಪಾತ್ರ ಮಾತ್ರ ಇರೋದು" ಎಂದರು ಅವರು. ಅಂದಿನಿಂದ ಪ್ರತಿ ಯುದ್ಧದಲ್ಲೂ ಮಂಚಯ್ಯ ಕತ್ತಿ ಎಸೆದು ಎಲ್ಲರಿಗಿಂತ ಮೊದಲು ಓಡುತ್ತಾನೆ. ಊರೆಲ್ಲ ನಗುತ್ತದೆ. ಮಲ್ಲಿಗಮ್ಮ ಟೀವಿಯ ಮುಂದೆ ಎದ್ದು ನಿಂತು ಕೂಗುತ್ತಾಳೆ: "ಓಡು, ಇನ್ನೂ ಜೋರಾಗಿ ಓಡು!"