ಒಂಟಿ ಸೀನಿನ ಕಾರು

ನಾನು ಚಿಕ್ಕವಳಿದ್ದಾಗ, ಅಂದರೆ ಎಪ್ಪತ್ತರ ದಶಕದಲ್ಲಿ, ಹೊರಕೆರೆದೇವಪುರದ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಕಾರು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಒಂದು ಸಂಜೆ ಜೋಗಿಮಟ್ಟಿ ಕಾಡಿನ ಕೆಳಗಿನ ತಿರುವಿನಲ್ಲಿ ಅದರ ಎಂಜಿನ್ ಗಕ್ಕನೆ ಕಚ್ಚಿಕೊಂಡು ನಿಂತುಬಿಟ್ಟಿತು. ಆ ತಿರುವಿನಲ್ಲಿ ಹಿಂದಿನಿಂದ ಯಾರಾದರೂ ಕರೆದರೆ ಓಗೊಡಬಾರದು ಎಂದು ಕುರಿ ಕಾಯುವವರು ಹೇಳುತ್ತಿದ್ದರು.

ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದ ಅಪ್ಪನನ್ನು ಅಜ್ಜಿ ಕೇಳಿದ್ದು ಒಂದೇ ಮಾತು. "ಅಲ್ಲಿ ಯಾರಾರ ಕರೆದ್ರೇನಪ್ಪ? ಓ ಅಂದ್ಯಾ?"

ಅಪ್ಪ ತಲೆ ತಗ್ಗಿಸಿ ಲಾರಿಯ ಹಗ್ಗ ಬಿಚ್ಚತೊಡಗಿದ. ನನಗೆ ಅಷ್ಟೇ ಸಾಕಾಯಿತು. ಆಮೇಲೆ ನಾನು ಕಾರಿನ ಹತ್ತಿರ ಒಬ್ಬಳೇ ಸುಳಿಯಲಿಲ್ಲ.

ಅಪ್ಪ ಅಂಗಳದಲ್ಲೇ ಎಂಜಿನ್ ಬಿಚ್ಚಿದ. ಗೋಣಿಚೀಲದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದ ಬಿಡಿಭಾಗಗಳು ಸಾಲಾಗಿ ಮಲಗಿದವು. ಹೊಸ ಪಿಸ್ಟನ್ ಬಂದವು. ಎಲ್ಲ ಜೋಡಿಸಿ ಮುಗಿಸಿದ್ದು ಒಂದು ಅಮಾವಾಸ್ಯೆಯ ಮಟಮಟ ಮಧ್ಯಾಹ್ನ. ಯಾವಾಗಲೂ ಬೀಸುವ ಗಾಳಿ ಅವತ್ತು ನಿಂತುಹೋಗಿತ್ತು. ಬೇವಿನ ಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಅದೇ ಹೊತ್ತಿಗೆ, ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನಿಗೆ ನೋವು ಶುರುವಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಮಲಗೈತೆ. ದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗ್ರಿ, ತಡ ಮಾಡಬ್ಯಾಡ್ರಿ" ಎಂದಳು. ಬಸ್ಸು ಆಗಲೇ ಹೋಗಿತ್ತು. ಎತ್ತಿನ ಗಾಡಿ ಕಟ್ಟಿದರೆ ದಾರಿಯಲ್ಲೇ ಕತ್ತಲಾಗುತ್ತಿತ್ತು.

ಅಪ್ಪ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದ. ಒಳಗಿನಿಂದ ಯಾರೋ ಹಿಡಿದು ತಳ್ಳಿದಂತೆ ಹ್ಯಾಂಡಲ್ ಹಿಂದಕ್ಕೆ ಒದೆಯಿತು. ಜೊತೆಗೆ "ಹಾಕ್ಷೀ!" ಎಂದು ಒಂದು ಸೀನು. ದೇವರಾಣೆಗೂ ಮನುಷ್ಯರ ಸೀನೇ!

ಹೊರಡುವಾಗ ಒಂಟಿ ಸೀನು ಬಂದರೆ ನಮ್ಮ ಮನೆಯಲ್ಲಿ ಯಾರೂ ಹೆಜ್ಜೆ ಇಡುವಂತಿರಲಿಲ್ಲ. ಕೂತು, ನೀರು ಕುಡಿದು, ಆಮೇಲೆ ಏಳಬೇಕು. "ಕುಂತ್ಕಳಪ್ಪ" ಎಂದಳು ಅಜ್ಜಿ. ಅಪ್ಪ ಕೂತ. ಎದ್ದು ತಿರುಗಿಸಿದರೆ ಮತ್ತೆ ಒದೆತ, ಮತ್ತೆ ಒಂಟಿ ಸೀನು. "ಕುಂತ್ಕಳಪ್ಪ!"

ಒಳಗಿನಿಂದ ಅಕ್ಕ ಚೀರಿದಳು. "ಸೀನಿದ್ದು ಕಾರು ಕಣಜ್ಜೀ! ನಾನಿಲ್ಲಿ ಸಾಯ್ತಾ ಇದೀನಿ!"

ಆದರೂ ಅಪ್ಪ ಕೂತ. ಚೊಂಬು ಎತ್ತಿದವನು ಕುಡಿಯದೆ ಹಾಗೇ ಕಾರನ್ನೇ ದಿಟ್ಟಿಸಿದ.

"ಉಸಿರು ಒತ್ತಿದಾಗ ಬೀಳ್ಬೇಕಾದ ಕಿಡಿ, ಇದು ಉಸಿರು ಎಳಕಳಾ ಹೊತ್ನಾಗೆ ಬೀಳ್ತೈತೆ. ಅದ್ಕೇ ಸೀನ್ತೈತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ನನ್ನನ್ನು ಕರೆದ. "ಬಾರವ್ವ. ಇಲ್ಲಿ ಹೆಬ್ಬೆಟ್ಟು ಇಡು. ಗಾಳಿ ಒತ್ತಿದ ಕೂಡ್ಲೆ ಕೂಗು."

ಅಮ್ಮ ಅಕ್ಕನ ಬಳಿ ಇದ್ದಳು, ಅಜ್ಜಿ ಕಾರು ಮುಟ್ಟುವವಳಲ್ಲ. ಉಳಿದವಳು ನಾನೇ. ಅಪ್ಪ ಎಂಜಿನ್ನಿಗೆ ಕಿಡಿ ಕೊಡುವ ಮೊದಲನೆಯ ಪ್ಲಗ್ ಬಿಚ್ಚಿದ್ದ. ಅಲ್ಲೊಂದು ಕಪ್ಪು ತೂತು. ಹೆಬ್ಬೆರಳಿಟ್ಟೆ, ತಣ್ಣಗಿತ್ತು. ಅಪ್ಪ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದ. ತೂತು ನನ್ನ ಬೆರಳನ್ನು ಒಳಕ್ಕೆ ಎಳೆದುಕೊಂಡಿತು! ಕೈ ಕಿತ್ತುಕೊಂಡು ಓಡಬೇಕೆನಿಸಿತು. ಅಷ್ಟರಲ್ಲಿ ಅಕ್ಕ ಮತ್ತೆ ನರಳಿದಳು. ಕಣ್ಣು ಮುಚ್ಚಿ ಬೆರಳನ್ನು ಅಲ್ಲೇ ಒತ್ತಿ ಹಿಡಿದೆ. ಒಳಗಿದ್ದದ್ದು ಒಂದು ಗಳಿಗೆ ತಡೆದು, ಆಮೇಲೆ ಪುಸ್ಸೆಂದು ಬೆರಳನ್ನು ಹೊರಕ್ಕೆ ನೂಕಿತು.

"ಅಪ್ಪಾ, ಉಸಿರು ಬಿಡ್ತು!"

ಅಪ್ಪ ಅಲ್ಲಿಗೇ ನಿಲ್ಲಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಒಳಗಿನ ಮುಳ್ಳು ಮೊದಲನೆಯ ತಂತಿಯ ಕಡೆ ನೋಡುವ ಬದಲು ನೇರ ಎದುರಿನ ತಂತಿಯ ಕಡೆ ನೋಡುತ್ತಿತ್ತು. ಜೋಡಿಸುವಾಗ ಅದು ತಿರುಗುಮುರುಗಾಗಿ ಕೂತಿತ್ತು. ಅಪ್ಪ ತಂತಿಗಳನ್ನೆಲ್ಲ ಎದುರುಬದುರು ಬದಲಿಸಿ, ಪ್ಲಗ್ ಹಾಕಿ ತಿರುಗಿಸಿದ. ಸೀನು ಬರಲಿಲ್ಲ. ಎಂಜಿನ್ ಗುರ್ರೆಂದು ಎದ್ದಿತು. ನಾನು ಗೊಳೋ ಎಂದು ಅತ್ತುಬಿಟ್ಟೆ.

ದುರ್ಗಕ್ಕೆ ಹೋಗುವಾಗ ಆ ತಿರುವಿನಲ್ಲಿ ಹಿಂದಿನಿಂದ ಯಾರೋ ಕರೆದ ಹಾಗಾಯಿತು. ಅಪ್ಪ ದಾರಿಯಿಂದ ಕಣ್ಣು ತೆಗೆಯಲಿಲ್ಲ. ಅಮ್ಮ ತಿರುಗಲಿಲ್ಲ. ನರಳುತ್ತಿದ್ದ ಅಕ್ಕ ಕೂಡ ತುಟಿ ಕಚ್ಚಿ ಸುಮ್ಮನಾದಳು. ಎಂಜಿನ್ ಒಂದೇ ಸಮನೆ ಉಸಿರಾಡುತ್ತಿತ್ತು, ನಾನು ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದು, ಕರೆ ಕಿವಿಗೆ ಬೀಳದಂತೆ ಅದನ್ನೇ ಕೇಳುತ್ತಾ ಕೂತೆ. ಅವತ್ತು ಸಂಜೆ ಆಸ್ಪತ್ರೆಯಲ್ಲಿ ಹುಟ್ಟಿದವನೇ ನಿಮ್ಮ ದೊಡ್ಡಪ್ಪ.

ಮಕ್ಕಳೇ, ಮೊನ್ನೆ ನಿಮ್ಮ ಹೊಸ ಬ್ಯಾಟರಿ ಕಾರಿನಲ್ಲಿ ಅದೇ ದಾರಿಯಲ್ಲಿ ಹೋದೆವಲ್ಲ. ಕಿಟಕಿ ಮುಚ್ಚಿತ್ತು, ಹಾಡು ಬರುತ್ತಿತ್ತು, ನೀವು ನಗುತ್ತಿದ್ದಿರಿ. ತಿರುವು ಬಂದಾಗ ಈ ಅಜ್ಜಿ ಯಾಕೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು ಎಂದು ಕೇಳಿದಿರಿ. ಈಗ ಹೇಳುತ್ತೇನೆ. ಕಾರು ಓಡುತ್ತಿತ್ತು, ಆದರೆ ಎಷ್ಟು ಕಿವಿಗೊಟ್ಟರೂ ಅದರ ಉಸಿರು ನನಗೆ ಕೇಳಿಸಲಿಲ್ಲ.